ನೀರು ಬರ್ತಿದೆ, ಆದ್ರೂ ಎಂಜಿನ್ ಯಾಕೆ ಹೀಟ್ ಆಗ್ತಿದೆ?

ಜೆಟ್ ಸ್ಕೀ ಅಂದ ಕೂಡ್ಲೇ ಮುಂಬೈ-ಪುಣೆ ಕಡೆಯವರಿಗೆ ಗೋವಾ, ಮಾಲ್ವಣ ನೆನಪಾಗುತ್ತೆ. ಲೈಫ್ ಜಾಕೆಟ್ ಹಾಕಿಸಿ, ಸೀಟಲ್ಲಿ ಕೂರಿಸಿ, ಒಂದು ರೌಂಡ್ ಹೊಡೆಸ್ತಾರಲ್ಲ, ಅದು. ನಾನು ಇವತ್ತು ಮಾತಾಡೋದು ಅದರ ಬಗ್ಗೆ ಅಲ್ಲ, ಒಬ್ಬರೇ ನಿಂತು ಓಡಿಸೋ ಸ್ಟ್ಯಾಂಡ್-ಅಪ್ ಬಗ್ಗೆ. 1973ರಲ್ಲಿ ಕವಾಸಾಕಿ ತಂದಿದ್ದು ಈ ಥರದ್ದನ್ನೇ. ಯಮಹಾದ ಸೂಪರ್‌ಜೆಟ್ ಬಂದಿದ್ದು 1990ರಲ್ಲಿ. ನಾನು ಫೀನಿಕ್ಸ್‌ಗೆ ಆನ್‌ಸೈಟ್ ಹೋಗಿದ್ದಾಗ ನನ್ನ ರೂಮ್‌ಮೇಟ್, ಹುಬ್ಬಳ್ಳಿಯವನು, 90ರ ದಶಕದ ಒಂದು ಸೂಪರ್‌ಜೆಟ್ ತಗೊಂಡ. 701 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್. ಕಡಿಮೆ ರೇಟಿಗೆ ಸಿಕ್ಕಿತ್ತು. ಯಾಕೆ ಅಂತ ಲೇಕ್ ಪ್ಲೆಸೆಂಟ್‌ಗೆ ಇಳಿಸಿದ ಹತ್ತು ನಿಮಿಷದಲ್ಲಿ ಗೊತ್ತಾಯ್ತು. ಹೆಡ್ ಮೇಲೆ ಕೈ ಇಡೋಕೆ ಆಗ್ಲಿಲ್ಲ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳ್ಕೋಬೇಕು. ಈ ಗಾಡಿಗೆ ರೇಡಿಯೇಟರ್ ಇಲ್ಲ, ಕೂಲೆಂಟ್ ಇಲ್ಲ, ಬೇರೆ ವಾಟರ್ ಪಂಪೂ ಇಲ್ಲ. ಹಿಂದೆ ನೀರು ಚಿಮ್ಮಿಸಿ ಗಾಡಿಯನ್ನ ಮುಂದೆ ತಳ್ಳೋ ಜೆಟ್ ಪಂಪೇ, ತನ್ನ ಒತ್ತಡದಲ್ಲಿ ಒಂದು ಪಾಲು ನೀರನ್ನ ಸಣ್ಣ ಪೈಪಲ್ಲಿ ಎಂಜಿನ್ನಿಗೆ ಕಳಿಸುತ್ತೆ. ಅದು ಎಕ್ಸಾಸ್ಟ್, ಸಿಲಿಂಡರ್, ಹೆಡ್ ಎಲ್ಲಾ ಸುತ್ತಿ ಕೆರೆಗೇ ವಾಪಸ್. ಅದರಲ್ಲಿ ಸ್ವಲ್ಪ ನೀರು ಪಕ್ಕದ ತೂತಿಂದ ಕಾಣೋ ಹಾಗೆ ಹೊರಗೆ ಬೀಳುತ್ತೆ. ಸವಾರರು ಅದನ್ನ ಪಿಸ್ಸರ್ ಅಂತಾರೆ. ಕನ್ನಡಕ್ಕೆ ಅನುವಾದ ಬೇಡ ಬಿಡಿ. ಸದಾ ಹೊಸ ತಣ್ಣೀರು ಬರೋದ್ರಿಂದ, ಎಲ್ಲ ಸರಿ ಇದ್ರೆ ಓಡಿಸಿ ಬಂದ ಮೇಲೂ ಹೆಡ್ ಮೇಲೆ ಕೈ ಇಡಬಹುದು.

ನನ್ನ ಗೆಳೆಯ ಪಿಸ್ಸರ್ ನೋಡಿ, "ನೀರು ಚಲೋನ ಬರಾಕತ್ತೈತಲ್ಲೋ, ಮತ್ಯಾಕ ಬಿಸಿ?" ಅಂದ. ಸುಮಾರು ಜನ ಇಲ್ಲೇ ದಾರಿ ತಪ್ಪೋದು. ಪಿಸ್ಸರ್ ಹೇಳೋದು ನೀರು ಬರ್ತಿದೆ ಅಂತ ಮಾತ್ರ, ಸಾಕಷ್ಟು ಬರ್ತಿದೆ ಅಂತ ಅಲ್ಲ. ಸರ್ವರ್ ಪಿಂಗ್‌ಗೆ ರಿಪ್ಲೈ ಕೊಟ್ಟ ಮಾತ್ರಕ್ಕೆ ಅಪ್ಲಿಕೇಶನ್ ಓಡ್ತಿದೆ ಅಂತ ನಾವು ಟಿಕೆಟ್ ಕ್ಲೋಸ್ ಮಾಡಲ್ಲ, ಅಲ್ವಾ? ಇನ್ನೊಂದು, ಹಳೇ ಮಾಲೀಕರು ಓವರ್‌ಹೀಟ್ ಸೆನ್ಸರ್ ವೈರನ್ನೇ ಕತ್ತರಿಸಿ ಟೇಪ್ ಸುತ್ತಿದ್ರು. ಬಿಸಿಯಾದ್ರೆ ಆರ್‌ಪಿಎಂ ಇಳಿಸಿ ಎಂಜಿನ್ ಉಳಿಸೋ ವೈರ್ ಅದು. ಅಲರ್ಟ್ ಮ್ಯೂಟ್ ಮಾಡೋರು ಎಲ್ಲಾ ಕಡೆ ಇದ್ದಾರೆ. ಮೊದಲು ಅದನ್ನ ಜೋಡಿಸಿದ್ವಿ.

ಆಮೇಲೆ ನೀರಿನ ದಾರಿ ಹಿಡಿದು ಹಿಂದಿನಿಂದ ಹೊರಟ್ವಿ. ಒಂದೊಂದೇ ಹೋಸ್ ಬಿಚ್ಚಿ ಗಾರ್ಡನ್ ಪೈಪಿಂದ ನೀರು ಬಿಡೋದು. ಬಿಚ್ಚಿದ ಹೋಸಿಗೆ ಮಾತ್ರ, ಎಂಜಿನ್ನಿಗಲ್ಲ. ಪಂಪಿನ ಹತ್ತಿರದ ಫಿಟ್ಟಿಂಗ್‌ನಲ್ಲಿ ಮರಳು ಗಟ್ಟಿಯಾಗಿ ಅರ್ಧ ದಾರಿ ಮುಚ್ಚಿತ್ತು. ನಿಧಾನಕ್ಕೆ ಓಡಿಸುವಾಗ ಆ ಅರ್ಧವೇ ಸಾಕಾಗ್ತಿತ್ತು, ಫುಲ್ ಥ್ರಾಟಲ್‌ಗೆ ಸಾಲ್ತಿರಲಿಲ್ಲ. ತಂತಿ ಹಾಕಿ ಕ್ಲೀನ್ ಮಾಡಿದ್ಮೇಲೆ ಪಿಸ್ಸರ್ ದೂರಕ್ಕೆ ಚಿಮ್ಮಿತು. ಗೆಳೆಯ ಟ್ರೇಲರ್ ಕಟ್ಟೋಕೆ ಹೊರಟ.

ನಾನು ಸ್ಪಾರ್ಕ್ ಪ್ಲಗ್ ನೋಡೋಣ ಅಂದೆ. ದಡದ ಹತ್ತಿರವೇ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಅದೇ ವೇಗದಲ್ಲಿ ಕೈಗೆ ಕಟ್ಟಿರೋ ಲ್ಯಾನ್‌ಯಾರ್ಡ್ ಎಳೆದು ಆಫ್ ಮಾಡಿ, ಪ್ಲಗ್ ಬಿಚ್ಚಬೇಕು. ಹಿಂದಿನ ಸಿಲಿಂಡರಿನದು ಕಂದು ಬಣ್ಣ. ಮುಂದಿನದು ಸುಣ್ಣ ಬಳಿದ ಹಾಗೆ ಬಿಳಿ. ಅಂದ್ರೆ ಅಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಟೂ-ಸ್ಟ್ರೋಕ್‌ಗೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ, ನಾವು ಹಾಕ್ತಿದ್ದಿದ್ದು 50:1 ಮಿಕ್ಸ್. ಪೆಟ್ರೋಲ್ ಕಡಿಮೆ ಆದ್ರೆ ಬಿಸಿಯೂ ಏರುತ್ತೆ, ಎಣ್ಣೆಯೂ ಇಲ್ಲ. ಅಲ್ಯೂಮಿನಿಯಂ ಪಿಸ್ಟನ್ ಹಿಗ್ಗಿ ಸಿಲಿಂಡರನ್ನ ಕಚ್ಕೊಳ್ಳುತ್ತೆ. ಕೆರೆ ಮಧ್ಯೆ ಸೀಜ್ ಆದ್ರೆ ಈಜುತ್ತಾ ಗಾಡಿ ತಳ್ಕೊಂಡು ಬರಬೇಕು, ದಡ ಎಷ್ಟು ದೂರ ಇದ್ರೂ. ಈ ಥರದ ಬಿಸಿಗೆ ಎಷ್ಟು ನೀರು ಬಿಟ್ರೂ ಪ್ರಯೋಜನ ಇಲ್ಲ.

ಇನ್ನೊಂದು ಸುಳಿವೂ ಇತ್ತು: ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಪಟ್ಟನೆ ಇಳೀತಿರಲಿಲ್ಲ. ಎಲ್ಲೋ ಗಾಳಿ ಎಳೀತಿದೆ ಅಂತ ಅರ್ಥ. ಇನ್‌ಟೇಕ್, ಎಕ್ಸಾಸ್ಟ್ ಎರಡೂ ಬಾಯಿ ಮುಚ್ಚಿ, ಕೈ ಪಂಪಲ್ಲಿ 6ರಿಂದ 8 ಪಿಎಸ್‌ಐ ಗಾಳಿ ತುಂಬಿ, ಜಾಯಿಂಟ್‌ಗಳಿಗೆಲ್ಲಾ ಸೋಪಿನ ನೀರು ಹಚ್ಚಿದ್ವಿ. ನಮ್ಮೂರ ಪಂಕ್ಚರ್ ಅಂಗಡಿ ಟೆಕ್ನಿಕ್ಕೇ. ಕ್ರ್ಯಾಂಕ್ ಸೀಲ್ ಹತ್ರ ಏನೂ ಇಲ್ಲ, ಅಬ್ಬಾ ಅಂದ್ಕೊಂಡ್ವಿ, ಅದಾದ್ರೆ ದೊಡ್ಡ ಕೆಲಸ. ಮುಂದಿನ ಕಾರ್ಬ್ಯುರೇಟರ್ ಕೂರೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಪಕ್ಕ ಗುಳ್ಳೆ ಬಂತು. ಒಂದು ಕಾಗದದಷ್ಟು ತೆಳ್ಳಗಿನ ಗ್ಯಾಸ್ಕೆಟ್. ಗಟ್ಟಿಯಾಗಿ ಬಿರುಕು ಬಿಟ್ಟಿದ್ದ ಪೆಟ್ರೋಲ್ ಪೈಪುಗಳನ್ನೂ ಅದರ ಜೊತೆಗೇ ಬದಲಾಯಿಸಿದ್ವಿ.

ಮನೆ ಹತ್ರ ಫ್ಲಶ್ ಮಾಡೋರು ಇದೊಂದನ್ನ ಬರೆದಿಟ್ಕೊಳ್ಳಿ. ಮೊದಲು ಎಂಜಿನ್ ಆನ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಆಫ್, ಕೆಲವೇ ಸೆಕೆಂಡ್ ಬಿಟ್ಟು ಎಂಜಿನ್. ಉಲ್ಟಾ ಮಾಡಿದ್ರೆ ನೀರನ್ನ ಹೊರಗೆ ತಳ್ಳೋಕೆ ಹೊಗೆ ಇರಲ್ಲ, ಅದು ಎಕ್ಸಾಸ್ಟ್ ದಾರೀಲಿ ಸಿಲಿಂಡರಿಗೆ ಇಳಿಯುತ್ತೆ. ನೀರು ಅದುಮೋಕೆ ಬಗ್ಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಸ್ಟಾರ್ಟ್ ಮಾಡೋ ಮುಂಚೆ ಹುಡ್ ತೆಗೆದು ಪೆಟ್ರೋಲ್ ಆವಿ ಹೋಗೋಕೂ ಬಿಡಿ.

ಮುಂದಿನ ವಾರಾಂತ್ಯ ಮತ್ತೆ ಲೇಕ್ ಪ್ಲೆಸೆಂಟ್. ಎರಡು ಪ್ಲಗ್ಗೂ ಕಾಫಿ ಪುಡಿ ಬಣ್ಣ, ಹೆಡ್ ಮೇಲೆ ಅಂಗೈ ಆರಾಮಾಗಿ ನಿಂತ್ಕೊಳ್ತು. ಇಂಪೆಲ್ಲರ್ ಸವೆದ್ರೂ ನೀರಿನ ಒತ್ತಡ ಕಡಿಮೆ ಆಗುತ್ತೆ. ಅದನ್ನ ಅಳೆಯೋದು ಹೇಗೆ ಅಂತ ಚೆನ್ನೈಯಿಂದ ಒಬ್ಬರು ಕೇಳಿದ್ದಾರೆ, ಈಗ ಆ ಪ್ರಶ್ನೆ ತಗೊಳ್ಳೋಣ.