ಮನೆ ಬೇಡ, ಬಸ್ ಸ್ಟಾಪು ನಕ್ಷೆಗೆ ಏರಿಸಿ



ಗಡಿ ತಾಲೂಕುಗಳಿಂದ ಗೋವಾದವರೆಗೆ ಬಂದಿದ್ದೀರಿ. ಅನಮೋಡ ಘಾಟಿನಲ್ಲೋ ಚೋರ್ಲಾದಲ್ಲೋ ಕೆಲವರಿಗೆ ಹೊಟ್ಟೆ ತೊಳಸಿರಬೇಕು! ಅಂಥ ಘಾಟಿನಲ್ಲಿ ಹೊಸ ರಸ್ತೆ ಮಾಡಬೇಕಾದರೂ ಈಗ ಮೊದಲ ಗೆರೆ ಎಳೆಯೋದು ಕಂಪ್ಯೂಟರಿನಲ್ಲಿ. ಗುಡ್ಡದ ಎತ್ತರ, ಕಾಡು, ಹೊಳೆ ಎಲ್ಲಾ ಉಪಗ್ರಹದಿಂದಲೇ ಸಿಗ್ತದೆ.

ಆದರೆ ಅದರಲ್ಲಿ ನಾವೆಷ್ಟು ಕಾಣ್ತೀವಿ? ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರ ಎಲ್ಲರಿಗೂ ಪುಕ್ಕಟೆ. ಅದರ ಒಂದು ಚುಕ್ಕೆ ಅಂದ್ರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಜುವಾರಿನಗರದಲ್ಲಿ ನಮ್ಮವರು ಬಾಡಿಗೆಗಿರೋ ಹತ್ತಡಿ ಖೋಲಿಗಳು ಹತ್ತು ಸೇರಿದರೂ ಒಂದೇ ಚುಕ್ಕೆ. ಇನ್ನೂ ಸ್ಪಷ್ಟ ಚಿತ್ರಗಳಿವೆ, ಅವುಗಳಲ್ಲಿ ತಗಡು ಕಾಣ್ತದೆ. ತಗಡಿನ ಕೆಳಗೆ ಎಷ್ಟು ಜನ, ಎಷ್ಟು ಗಂಟೆಗೆ ವೆರ್ಣಾದ ಕಾರ್ಖಾನೆಗೆ ಹೊರಡ್ತಾರೆ, ರಾತ್ರಿ ಪಾಳಿ ಮುಗಿಸಿದ ಹೆಣ್ಮಕ್ಕಳು ಹೆದ್ದಾರಿ ಎಲ್ಲಿ ದಾಟ್ತಾರೆ, ಇದು ಆಕಾಶದಿಂದ ಕಾಣಲ್ಲ. ಬಸ್ ಬಿಡೋಕೆ ಬೇಕಾದದ್ದು ಅದೇ.

ಅದನ್ನು ನೀವು ತುಂಬಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ ನಕ್ಷೆ, ಯಾರು ಬೇಕಾದರೂ ಫೋನಿನಿಂದಲೇ ತಿದ್ದಬಹುದು. ಒಂದೇ ಜಾಗಕ್ಕೆ ಕೊಂಕಣಿ ಹೆಸರಿನ ಜೊತೆ ಕನ್ನಡದ್ದನ್ನೂ ಹಾಕಬಹುದು. ಗೂಗಲ್ ನೋಡಿ ನಕಲು ಮಾಡಬೇಡಿ, ಅದಕ್ಕೆ ಅನುಮತಿಯಿಲ್ಲ. ಕಾಲಾರೆ ನಡೆದು ಕಂಡದ್ದನ್ನೇ ಹಾಕಿ.

ಬೈನಾದ ಒಬ್ಬ ಅಜ್ಜಿ ನನ್ನ ಕೇಳಿದರು: “ನಕಾಶೆದಾಗ ನಮ್ಮ ಮನಿ ತೋರಿಸಿದ್ರ, ಕೆಡವಾಕ ದಾರಿ ತೋರಿಸಿದಂಗ ಆಗಂಗಿಲ್ಲೇನ ತಮ್ಮಾ?” ಬೈನಾ ಕಡಲತೀರದಲ್ಲಿ ಕನ್ನಡಿಗರ ಮನೆಗಳು ಉರುಳಿದ್ದನ್ನು ಕಂಡವರ ಮಾತದು. ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಇವತ್ತಿಗೂ ಆಕೆ ಕೇಳಿದ್ದು ತಪ್ಪು ಅಂತ ನಾನು ಹೇಳಲ್ಲ. ಅದಕ್ಕೇ ನಮ್ಮ ಕಟ್ಟಳೆ ಇಷ್ಟು: ಓಣಿಯವರನ್ನು ಕೇಳದೆ ಒಂದು ಚುಕ್ಕೆಯನ್ನೂ ಇಡಬಾರದು. ಮನೆ, ಗುಡಿಸಲು, ಯಾರ ಹೆಸರೂ ಬೇಡ. ಜನ ಬಸ್ಸಿಗೆ ಕಾಯೋ ಜಾಗ, ಹೆದ್ದಾರಿ ದಾಟೋ ಜಾಗ, ಕಾಲುದಾರಿ, ಅಂಗನವಾಡಿ, ಶಾಲೆ, ಇಷ್ಟೇ ಸಾಕು.

ಎಷ್ಟು ಜನ, ಎಷ್ಟು ಹೊತ್ತಿಗೆ ಅನ್ನೋದನ್ನ ಬೇರೆ ನೋಟ್‌ಬುಕ್ಕಿನಲ್ಲಿ ಬರೀರಿ. ಒಂದು ವಾರದ ಲೆಕ್ಕ, ಜೊತೆಗೆ ನಕ್ಷೆಯ ಪ್ರಿಂಟು, ಎರಡನ್ನೂ ಅರ್ಜಿಗೆ ಲಗತ್ತಿಸಿ ಪಂಚಾಯತಿಗೂ ಕದಂಬ ಸಾರಿಗೆ ನಿಗಮಕ್ಕೂ ಕೊಡೋಣ. ಗೋವಾದ ಸರ್ಕಾರಿ ಬಸ್ಸಿಗೆ ಕದಂಬರ ಹೆಸರೇ ಇದೆ, ಕೇಳೋಕೆ ಸಂಕೋಚ ಯಾಕೆ? “ನಮಗೂ ಬಸ್ ಬಿಡ್ರಿ” ಅಂತ ಬರೀ ಬಾಯಲ್ಲಿ ಹೇಳೋದು ಬೇರೆ, ಬೆಳಗಿನ ಆರರಿಂದ ಏಳರೊಳಗೆ ಈ ಜಾಗದಲ್ಲಿ ಇಷ್ಟು ಜನ ನಿಂತಿದ್ದರು ಅಂತ ಕಾಗದ ಇಡೋದು ಬೇರೆ.

ನಾಳೆ ಬೆಳಗ್ಗೆ ಐದೂವರೆಗೆ ಇಲ್ಲೇ ಸೇರೋಣ. ಫೋನ್ ಚಾರ್ಜ್ ಮಾಡಿಕೊಂಡು ಬನ್ನಿ, ಛತ್ರಿಯನ್ನೂ ತನ್ನಿ.