ಹವಳವೂ ಪಾಚಿಯೂ

ನೆಗಮಂ ಕಡೆಯ ಮಗ್ಗದ ಮನೆಗಳಲ್ಲಿ, ತೆಂಗಿನ ತೋಟಗಳಲ್ಲಿ ಕುಳಿತು ಕೇಳುತ್ತಿರುವ ನಿಮ್ಮಲ್ಲಿ ಹಲವರು ರಾಮೇಶ್ವರಕ್ಕೆ ಹೋಗಿ ಕಡಲಲ್ಲಿ ಮಿಂದು ಬಂದಿರಬಹುದು. ಆ ಸೀಮೆಯಿಂದ ತೂತ್ತುಕುಡಿಯವರೆಗೆ ಮನ್ನಾರ್ ಕೊಲ್ಲಿಯಲ್ಲಿ 21 ಪುಟ್ಟ ದ್ವೀಪಗಳ ಸಾಲಿದೆ. ಅದರಲ್ಲಿ ಎರಡು ಮುಳುಗಿಹೋಗಿವೆ. ಸುಣ್ಣಕ್ಕೆಂದು ಹವಳ ಅಗೆದದ್ದೂ ಅದಕ್ಕೊಂದು ಕಾರಣ. ತಮಿಳಿನ ಪವಳವೇ ನಮ್ಮ ಹವಳ, ಅವರ ಪಾಸಿಯೇ ನಮ್ಮ ಪಾಚಿ. ಇವೆರಡರ ಜಗಳದ ವಿಷಯವನ್ನೇ ಇಂದು ಹೇಳಬೇಕೆಂದಿದ್ದೇನೆ.

ಹವಳ ಕಲ್ಲಲ್ಲ, ಜೀವಿ. ಅದರ ಮೈಯೊಳಗೇ ಕಣ್ಣಿಗೆ ಕಾಣದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಆಹಾರ ಮಾಡಿ ಕೊಡುತ್ತದೆ. ಆದ್ದರಿಂದ ಹವಳಕ್ಕೆ ತಿಳಿನೀರು ಬೇಕು. ಗೊಬ್ಬರದ ನೀರು, ಊರಿನ ಕೊಳಚೆ ಸೇರಿದರೆ ಹೊರಗಿನ ಪಾಚಿ ಕೊಬ್ಬಿ ಬೆಳೆದು ಬಿಸಿಲನ್ನು ಮುಚ್ಚುತ್ತದೆ. ನಮ್ಮ ಕೆರೆ ಹಸಿರುಗಟ್ಟುವುದೂ ಹೀಗೆಯೇ ಅಲ್ಲವೇ?

ಪಾಚಿಯನ್ನು ಕಿತ್ತುಹಾಕಬಾರದೇ ಎನ್ನುವಿರಿ. ಕುರುಸಡೈ ದ್ವೀಪದಲ್ಲಿ ಅದನ್ನೇ ಮಾಡಿದರು. ಕಪ್ಪಾಫೈಕಸ್ ಎಂಬ ಹೊರನಾಡಿನ ಕಡಲಪಾಚಿಯನ್ನು, ಐಸ್‌ಕ್ರೀಮಿಗೂ ಟೂತ್‌ಪೇಸ್ಟಿಗೂ ಬೇಕಾಗುವ ಅಂಟಿಗಾಗಿ, ಆ ತೀರದಲ್ಲಿ ಬೆಳೆಸುತ್ತಿದ್ದರು. 2008ರಲ್ಲಿ ಅದು ಹವಳದ ಮೇಲೆ ಹಬ್ಬಿರುವುದು ಬೆಳಕಿಗೆ ಬಂತು. ನೀರಿಗಿಳಿದು ಕೈಯಿಂದಲೇ ಕೀಳಬೇಕಾಯಿತು. ಆದರೆ ಗರಿಕೆಯ ಹಾಗೆ, ಉಳಿದ ತುಂಡಿನಿಂದಲೂ ಅದು ಮತ್ತೆ ಚಿಗುರುತ್ತದೆ.

ಹವಾಯಿಯ ಕನೆಯೋಹೆ ಕೊಲ್ಲಿಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿಗೆ ಬೀಳುತ್ತಿದ್ದ ಕೊಳಚೆಯನ್ನು 1977–78ರಲ್ಲಿ ಬೇರೆಡೆ ತಿರುಗಿಸಿದರು. ಹವಳವನ್ನು ಮುತ್ತಿದ್ದ ಪಾಚಿ ಕೆಲವೇ ವರ್ಷಗಳಲ್ಲಿ ಬಹಳ ಇಳಿಯಿತು. ಮುಂದೆ ಹೊರಗಿನ ಪಾಚಿ ಬಂದಾಗ ದೋಣಿಯ ಮೇಲೆ ಪಂಪು ಹೂಡಿ ಹೀರಿದರು. ಮತ್ತೆ ಚಿಗುರಿದ್ದನ್ನು ಮೇಯಲು ಮೈತುಂಬ ಮುಳ್ಳಿರುವ ಕಡಲಜೀವಿಗಳನ್ನು ಸಾಕಿ ಬಿಟ್ಟರು. ಪಂಪಿಗಿಂತ ಆ ಜೀವಿಗಳನ್ನೇ ನಾನು ಹೆಚ್ಚು ನಂಬುತ್ತೇನೆ. ಅವಕ್ಕೆ ಡೀಸೆಲ್ ಬೇಡ.

ಇದರಿಂದ ಎಲ್ಲವೂ ಸರಿಹೋಗದು. 2010 ಮತ್ತು 2016ರಲ್ಲಿ ಮನ್ನಾರಿನ ಹವಳ ಬಿಳಿಚಿದ್ದು ನೀರು ಕಾದದ್ದರಿಂದ. ಪಾಚಿ ಕಿತ್ತರೆ ಆ ಬೇನೆ ವಾಸಿಯಾಗದು.

ನಮ್ಮ ಆಳಿಯಾರು ಪಡುವಣಕ್ಕೆ ಹರಿದು, ಭಾರತಪ್ಪುಳೆಯನ್ನು ಕೂಡಿ, ಪೊನ್ನಾನಿಯಲ್ಲಿ ಅರಬ್ಬೀ ಕಡಲು ಸೇರುತ್ತದೆ, ಮನ್ನಾರಿಗಲ್ಲ. ಆ ಕೊಲ್ಲಿಗೆ ಇಳಿಯುವುದು ತಾಮಿರಬರಣಿಯಂಥ ಹೊಳೆಗಳು. ಆದರೂ ಲೆಕ್ಕ ಒಂದೇ: ಬೇರು ಹೀರದ ಯೂರಿಯಾ ನೀರಿನ ಜೊತೆ ಹೊರಡುತ್ತದೆ. ವರ್ಷದ ಗೊಬ್ಬರವನ್ನು ಒಂದೇ ಸಲ ಸುರಿಯದೆ ಎರಡು ಕಂತು ಮಾಡಿ, ಪಾತಿಯಲ್ಲಿ ಮಣ್ಣಿಗೆ ಬೆರೆಸಿ. ಜೋರು ಮಳೆಯ ಮೋಡ ಕಂಡ ದಿನ ಚೀಲ ಬಿಚ್ಚಬೇಡಿ.