ಕರ್ತನ ಭೋಜನದ ಮೇಜಿನಲ್ಲಿ ಬಿದ್ದ ಬಿರುಕು

ದಕ್ಷಿಣ ಆಫ್ರಿಕಾದ ವರ್ಣಭೇದ ಎಂದೊಡನೆ ನಮಗೆ ನೆನಪಾಗುವುದು ಸರ್ಕಾರದ ಕಾನೂನುಗಳು. ಆದರೆ 1948ರಲ್ಲಿ ಅದು ರಾಜ್ಯನೀತಿಯಾಗುವುದಕ್ಕೆ ಸುಮಾರು 90 ವರ್ಷ ಮೊದಲೇ ಚರ್ಚು ಅದಕ್ಕೆ ಜಾಗ ಕೊಟ್ಟಿತ್ತು.

ಕೇಪ್ ಪ್ರಾಂತದ ಡಚ್ ರಿಫಾರ್ಮ್ಡ್ ಚರ್ಚಿನ ಸಿನೊಡ್, ಅಂದರೆ ಆಡಳಿತ ಮಹಾಸಭೆ, ಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಬೇಕೆಂದು 1829ರಲ್ಲಿ ತೀರ್ಮಾನಿಸಿತ್ತು. ಒಂದೇ ಮೇಜು, ಒಂದೇ ಬಟ್ಟಲು ಎಂಬುದು ಹಲವು ಬಿಳಿಯ ಸದಸ್ಯರಿಗೆ ಒಗ್ಗಲಿಲ್ಲ. 1857ರ ಸಿನೊಡ್ ಅವರಿಗೆ ಮಣಿಯಿತು. ಎಲ್ಲರೂ ಕೂಡಿ ಆರಾಧಿಸುವುದೇ ಶಾಸ್ತ್ರಸಮ್ಮತ ಎಂದು ಒಪ್ಪಿಕೊಂಡೇ, 'ಕೆಲವರ ದೌರ್ಬಲ್ಯ'ದಿಂದ ಧರ್ಮಕಾರ್ಯಕ್ಕೆ ಅಡ್ಡಿಯಾಗುವಲ್ಲಿ ಹೊಸದಾಗಿ ಕ್ರೈಸ್ತರಾದವರು ಬೇರೆ ಕಟ್ಟಡದಲ್ಲಿ ಸೇರಲಿ ಎಂದಿತು. ದೌರ್ಬಲ್ಯ ಬಿಳಿಯರದು, ಹೊರಗೆ ಹೋಗಬೇಕಾದವರು ಮಾತ್ರ ಕರಿಯರು!

ವಿನಾಯಿತಿಯೇ ವಾಡಿಕೆಯಾಯಿತು. 1881ರಲ್ಲಿ ಮಿಶ್ರವರ್ಣೀಯರಿಗೆಂದೇ ಪ್ರತ್ಯೇಕ ಮಿಷನ್ ಚರ್ಚು ಹುಟ್ಟಿತು. ಹೆಸರಿಗೆ ಅದು ಬೇರೆ ಚರ್ಚು. ಹಣವೂ ಹಿಡಿತವೂ ಬಿಳಿಯರ ಮಾತೃಚರ್ಚಿನ ಕೈಯಲ್ಲೇ ಉಳಿದವು.

1960ರ ಮಾರ್ಚಿನಲ್ಲಿ ಶಾರ್ಪ್‌ವಿಲ್‌ನಲ್ಲಿ ವರ್ಣಭೇದದ ಕಾನೂನಿನ ವಿರುದ್ಧ ಪ್ರತಿಭಟಿಸುತ್ತಿದ್ದ 69 ಮಂದಿ ಪೊಲೀಸರ ಗುಂಡಿಗೆ ಬಲಿಯಾದರು. ಅದರ ಬೆನ್ನಿಗೆ ಡಿಸೆಂಬರಿನಲ್ಲಿ ಜೋಹಾನ್ಸ್‌ಬರ್ಗಿನ ಕಾಟ್ಸ್‌ಲೋದಲ್ಲಿ ಸೇರಿದ, ಡಚ್ ರಿಫಾರ್ಮ್ಡ್ ಚರ್ಚೂ ಸೇರಿದಂತೆ ಹಲವು ಚರ್ಚುಗಳ ಪ್ರತಿನಿಧಿಗಳು, ಬಣ್ಣದ ಕಾರಣಕ್ಕೆ ಯಾರನ್ನೂ ಚರ್ಚಿನಿಂದ ಹೊರಗಿಡಕೂಡದೆಂದು ಸಾರಿದರು. ಪ್ರಧಾನಿ ವೆರ್ವೂರ್ಡ್ ಕೆರಳಿದ್ದೇ ತಡ, ಡಚ್ ರಿಫಾರ್ಮ್ಡ್ ಸಿನೊಡ್‌ಗಳು ಆ ಮಾತನ್ನು ತಳ್ಳಿಹಾಕಿದವು. ಕಾಟ್ಸ್‌ಲೋದಲ್ಲಿ ಕೊಟ್ಟ ಮಾತಿಗೆ ಕಟ್ಟುಬಿದ್ದವರು ಅದೇ ಚರ್ಚಿನ ಬಿಳಿಯ ಸಭಾಪಾಲಕ ಬೇಯರ್ಸ್ ನೌಡೆ. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. 1963ರಲ್ಲಿ ಸಭಾಪಾಲಕರ ಸ್ಥಾನ ಹೋಯಿತು. 1977ರಿಂದ ಏಳು ವರ್ಷ ಸರ್ಕಾರ ಅವರ ಬಾಯಿ ಕಟ್ಟಿಹಾಕಿತು.

ಇತಿಹಾಸ ಹೊರಳಿದ್ದು ಮಾತ್ರ ಹೊರಗಟ್ಟಿಸಿಕೊಂಡವರಿಂದಲೇ. 1982ರಲ್ಲಿ ಕೆನಡಾದ ಒಟ್ಟಾವಾದಲ್ಲಿ ರಿಫಾರ್ಮ್ಡ್ ಚರ್ಚುಗಳ ವಿಶ್ವಒಕ್ಕೂಟ ಸೇರಿತ್ತು. ಆರಾಧನೆಯಲ್ಲಿ ಕರ್ತನ ಭೋಜನದ ಹೊತ್ತು ಬಂದಾಗ ದಕ್ಷಿಣ ಆಫ್ರಿಕಾದ ಕೆಲವು ಕರಿಯ ಪ್ರತಿನಿಧಿಗಳು ಅದನ್ನು ಸ್ವೀಕರಿಸಲಿಲ್ಲ. ನಮ್ಮ ನಾಡಿನಲ್ಲಿ ನಮಗಿಲ್ಲದ ಮೇಜಿಗೆ ಇಲ್ಲಿ ಹೇಗೆ ಕೂರುವುದು ಎಂಬುದು ಅವರ ಪ್ರಶ್ನೆ. ವರ್ಣಭೇದಕ್ಕೆ ಧರ್ಮದ ಸಮರ್ಥನೆ ಕೊಡುವುದು ಧರ್ಮದ್ರೋಹವೆಂದು ಒಕ್ಕೂಟ ಘೋಷಿಸಿತು. ಮಿಷನ್ ಚರ್ಚಿನ ಅಲನ್ ಬೂಸಾಕ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಅದೇ ವರ್ಷ ಮಿಷನ್ ಚರ್ಚು ಕೇಪ್ ಟೌನ್ ಬಳಿಯ ಬೆಲ್ಹಾರ್‌ನಲ್ಲಿ ಐಕ್ಯ, ಸಂಧಾನ, ನ್ಯಾಯಗಳ ವಿಶ್ವಾಸಪ್ರಮಾಣವನ್ನು ಬರೆದು, 1986ರಲ್ಲಿ ಅಂಗೀಕರಿಸಿತು.

1990ರಲ್ಲಿ ರಸ್ಟೆನ್‌ಬರ್ಗಿನಲ್ಲಿ ಸೇರಿದ ಚರ್ಚುಗಳ ಸಮ್ಮೇಳನದಲ್ಲಿ ದೇವತಾಶಾಸ್ತ್ರಜ್ಞ ವಿಲ್ಲಿ ಯೋಂಕರ್ ತಮ್ಮದೇ ಬಿಳಿಯರ ಚರ್ಚಿನ ಪಾಪವನ್ನು ಬಹಿರಂಗವಾಗಿ ಒಪ್ಪಿಕೊಂಡರು. 1994ರಲ್ಲಿ ಮಿಷನ್ ಚರ್ಚು ಮತ್ತು ಕರಿಯರಿಗೆಂದೇ ಬೇರೆಯಾಗಿದ್ದ ಡಚ್ ರಿಫಾರ್ಮ್ಡ್ ಚರ್ಚು ಒಂದಾದವು. ಮಾತೃಚರ್ಚಿನೊಡನೆ ಐಕ್ಯ ಮಾತ್ರ ಕೈಗೂಡಿಲ್ಲ. ಕ್ಷಮೆ ಕೇಳುವುದು ದೊಡ್ಡದೇ. ಅದಕ್ಕಿಂತ ಕಷ್ಟವಾದದ್ದು ಹಿಡಿತ ಬಿಡುವುದು: ಖಜಾನೆ, ಆಡಳಿತ, ಪ್ರಸಂಗಪೀಠಗಳನ್ನು ಸರಿಸಮಾನವಾಗಿ ಹಂಚಿಕೊಳ್ಳುವುದು. ಅದಾಗುವ ತನಕ ಪಶ್ಚಾತ್ತಾಪ ಪೂರ್ತಿಯಾಗದು.